ಅಕ್ಕ ಹೇಳಿದ ‘ಓಕೆ’

ಪ್ರಶಸ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಆರ್ಕ್ಟಿಕ್ ಸಂಶೋಧನೆಗಾಗಿ ನೀವು ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ನನ್ನ ಅಕ್ಕ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾಳೆ ಎಂದು ಪ್ರಕಟಿಸಿದ್ದೀರಿ. ಅವಳು ಬಿಟ್ಟುಕೊಡಲಿಲ್ಲ. ನೀವು ಕಿತ್ತುಕೊಂಡಿರಿ.

ಹೆಪ್ಪುಗಟ್ಟಿದ ಆ ಕಡಲಿನ ಮೇಲೆ ನಿಂತು, ಮಂಜುಗಡ್ಡೆ ಅಡಿಯಿಂದ ಎಷ್ಟು ಕರಗುತ್ತಿದೆ ಎಂದು ಇಪ್ಪತ್ತು ವರ್ಷ ಅಳೆದವಳು ಅಕ್ಕ. ‘ಮದುವೆ ಮಾಡ್ಕೋ ಅಂದ್ರೆ ಹಿಮಕರಡಿ ನೋಡೋಕೆ ಹೋದ್ಲು’ ಎಂದು ಅಮ್ಮ ಬಂದವರ ಮುಂದೆಲ್ಲ ಹಂಗಿಸುತ್ತಿದ್ದಳು. ಪ್ರಶಸ್ತಿ ಘೋಷಣೆಯಾದಾಗ ಅದೇ ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿದಳು. ಮರುತಿಂಗಳು ಅಕ್ಕನಿಗೆ ಪಾರ್ಶ್ವವಾಯು ಬಡಿಯಿತು. ಮಾತೆಲ್ಲ ಹೋಗಿ ‘ಓಕೆ’ ಎಂಬುದೊಂದು ಉಳಿಯಿತು. ‘ನೀರು ಬೇಕಾ?’ ‘ಓಕೆ.’ ‘ಬೇಡ್ವಾ?’ ‘ಓಕೆ.’ ‘ನಿನ್ನ ಗುಜರಿಗೆ ಹಾಕಿಬಿಡ್ಲೇನೇ?’ ಎಂದು ಅಮ್ಮ ಕೇಳಿದರೂ ‘ಓಕೆ’. ಆಗ ಮೂವರೂ ನಗುತ್ತೇವೆ. ನಗದೆ ಇನ್ನೇನು ಮಾಡುವುದು?

ವಿಜೇತರು ವೇದಿಕೆಯಲ್ಲಿ ಒಂದು ಗಂಟೆ ಉಪನ್ಯಾಸ ಕೊಡಲೇಬೇಕೆಂಬುದು ನಿಮ್ಮ ನಿಯಮ. ಅದಕ್ಕೆ ನಿಮ್ಮ ಕಾರ್ಯದರ್ಶಿ ವಿಡಿಯೊ ಕರೆ ಮಾಡಿ, ಬಹಳ ವಿನಯದಿಂದ ಅಕ್ಕನನ್ನೇ ಕೇಳಿದರು: ‘ಮೇಡಂ, ಉಪನ್ಯಾಸ ಆಗಲ್ಲ ಅಂದ್ರೆ ಪ್ರಶಸ್ತೀನ ಇನ್ನೊಬ್ಬರಿಗೆ ಕೊಡಬಹುದಾ?’

‘ಓಕೆ’ ಎಂದಳು ಅಕ್ಕ.

‘ಸರ್, ಅವಳಿಗೆ ಬರೋದು ಅದೊಂದೇ ಮಾತು. ಈಗ ಪ್ರಶಸ್ತಿ ಬೇಕಾ ಅಂತ ಕೇಳಿ ನೋಡಿ’ ಎಂದೆ ನಾನು. ಅವರು ಕೇಳಲಿಲ್ಲ. ‘ಒಪ್ಪಿಗೆ ದಾಖಲಾಗಿದೆ ಮೇಡಂ, ತುಂಬಾ ದೊಡ್ಡ ಮನಸ್ಸು ಅವರದು’ ಎಂದು ಕೈಮುಗಿದು ಕರೆ ಮುಗಿಸಿದರು. ಒಂದೇ ಅಳತೆಯನ್ನು ಹತ್ತು ಸಲ ಪರೀಕ್ಷಿಸುವವರನ್ನು ಹುಡುಕಿ ಗೌರವಿಸುವ ಸಂಸ್ಥೆ ನಿಮ್ಮದು. ಒಂದು ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಅಷ್ಟೊಂದು ಕಷ್ಟವಾಯಿತೇ? ಅಥವಾ ಬರುವ ಉತ್ತರ ಗೊತ್ತಿದ್ದೇ ಕೇಳಲಿಲ್ಲವೇ?

ಒಂದು ವೇಳೆ ಅವತ್ತು ಅವಳು ನಿಜವಾಗಿಯೇ ಒಪ್ಪಿದ್ದರೆ ಎಂದು ನನ್ನನ್ನೂ ಕೇಳಿಕೊಂಡಿದ್ದೇನೆ. ಹಾರ, ಸನ್ಮಾನ ಎಂದರೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪ್ರಶಸ್ತಿಯ ಆಸೆ ಅಮ್ಮನದು, ನನ್ನದು ಇರಬಹುದು. ಕರೆ ಮುಗಿದ ಮೇಲೆ ಅವಳ ಮುಖವನ್ನು ಬಹಳ ಹೊತ್ತು ನೋಡಿದೆ; ಏನೂ ತಿಳಿಯಲಿಲ್ಲ. ಒಡಹುಟ್ಟಿ ಜೊತೆಯಲ್ಲೇ ಬೆಳೆದ ನನಗೆ ತಿಳಿಯದ್ದು ನಿಮ್ಮ ಕಚೇರಿಗೆ ಅರೆ ನಿಮಿಷದಲ್ಲಿ ತಿಳಿದುಹೋಯಿತು.

ನಿಯಮ ಮುರಿಯಲಾರಿರಾದರೆ ಪ್ರಶಸ್ತಿ ಕೊಡಬೇಡಿ. ಆದರೆ ‘ಮಾತು ಹೋದವರಿಗೆ ನಾವು ಕೊಡುವುದಿಲ್ಲ’ ಎಂದು ನಿಮ್ಮ ಸಹಿ ಹಾಕಿ ಪ್ರಕಟಿಸಿ. ಅಕ್ಕನ ಬಳಿ ಉಳಿದಿರುವುದು ಒಂದೇ ಮಾತು. ಅದನ್ನು ಹಿಂದಿರುಗಿಸಿ.

ಇಂತಿ,
ಅಕ್ಕನ ಪರವಾಗಿ ಮಾತಾಡುವ ಹಕ್ಕು ತನಗಾದರೂ ಇದೆಯೇ ಎಂದು ತಿಳಿಯದ
ತಂಗಿ