ಎಲ್ಲಿ ಇಳಿಯುತ್ತೀರಿ?

ಚಿಗವ್ವಾ,

ಸ್ಟೇಷನ್ನಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಮಂಡಿನೋವು ಕಡಿಮೆಯಾಗಿದೆ. ಇಲ್ಲಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನನ್ನ ಒಂದು ವರ್ಷ ಈ ಶನಿವಾರಕ್ಕೆ ಮುಗಿಯುತ್ತದೆ. ಇನ್ನೊಂದು ವರ್ಷ ಇರುತ್ತೀರಾ ಎಂದು ಹೆಡ್‌ಮಾಸ್ತರರು ದಿನಾ ಕೇಳುತ್ತಾರೆ, ನಾನು ದಿನಾ ನಾಳೆ ಹೇಳುತ್ತೇನೆ ಎನ್ನುತ್ತೇನೆ.

ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿ ಕೂತರೆ ಸಾಕು, ನಿಂತಿರುವ ಹೆಂಗಸರು ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಾರೆ. ಹೊಸದರಲ್ಲಿ ಒಬ್ಬಳಿಗೆ "ನಿನಗ್ಯಾಕ ಬೇಕವಾ ಅದೆಲ್ಲಾ?" ಎಂದು ಗದರಿದ್ದೆ. ಮೊದಲು ಕೇಳಿದವರಿಗೇ ನಾವು ಎದ್ದ ಸೀಟು ಎಂಬುದು ಆಮೇಲೆ ತಿಳಿಯಿತು.

ನಿನ್ನೆ ಸಂಜೆ ಕೇಳಿದವಳಿಗೆ ಮುಲುಂಡ್ ಎಂದೆ. ಪಾಪ, ಎರಡು ಚೀಲ ಹಿಡಿದು ನನ್ನ ಮೊಣಕಾಲಿಗೆ ಒತ್ತಿಕೊಂಡು ನಿಂತಳು. ಮುಲುಂಡ್ ಬಂತು. ನಾನು ಏಳಲಿಲ್ಲ. "ಅರೇ ಮ್ಯಾಡಮ್, ಉತರೋ ನಾ!" ಎಂದು ಇಳಿಯುವಂತೆ ಕೂಗಿಕೊಂಡಳು. ಅಷ್ಟರಲ್ಲಿ ಗಾಡಿ ಬಿಟ್ಟಿತು. ಮುಂದಿನ ಸ್ಟೇಷನ್ ಠಾಣೆಯವರೆಗೂ ಬೈಸಿಕೊಂಡು ಕೂತೇ ಇದ್ದೆ. ಯಾಕೆಂದು ರಾತ್ರಿಯಿಡೀ ನನಗೇ ಹೊಳೆಯಲಿಲ್ಲ.

ನಮ್ಮ ಮಾದೇವಿ ಜೂನಿಗೆ ಬರುತ್ತಾಳೆ ಎಂದು ಸಿಂದಗಿಯ ಶಾಲೆಯಲ್ಲಿ ನೀನು ಹೇಳಿಟ್ಟಿದ್ದೀಯಲ್ಲ, ನನಗಾಗಿ ಹಿಡಿದಿಟ್ಟ ಆ ಕುರ್ಚಿಗೆ ಬೇರೆ ಯಾರಾದರೂ ಕಾದು ನಿಂತಿದ್ದರೆ ಕೂರಲು ಹೇಳಿಬಿಡು.

ಲೋಕಲ್ ಬಂತು.

ನಿನ್ನ ಮಾದೇವಿ