ಕೆಸರಿನಲ್ಲಿ ನಿಂತಿದ್ದ ಹದಿನೇಳು ಮಕ್ಕಳ ಗೈರುಹಾಜರಿ

ಶಿಕ್ಷಣ ಇಲಾಖೆಯ ಪ್ರಾಂತ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರ ಶಾಲೆಯ, ಕಡಲಂಚಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ತರಗತಿಯನ್ನು ನೀವು ನಿಲ್ಲಿಸಿದ್ದೀರಿ. ಆದೇಶದಲ್ಲಿ ಕಾರಣವೂ ಇದೆ: ‘ಪರಿಶೀಲನೆಯ ದಿನ ಬೋಧಕಿ ಗೈರು, ಹದಿನೇಳು ಮಕ್ಕಳೂ ಗೈರು.’ ಆ ಬೋಧಕಿ ನಾನೇ. ಆ ಹೊತ್ತಿನಲ್ಲಿ ನಾವು ಶಾಲೆಯಿಂದ ಕೂಗಳತೆಯ ದೂರದಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ ಅದೇ ತರಗತಿ ನಡೆಸುತ್ತಿದ್ದೆವು. ನಿಮ್ಮ ಪರಿಶೀಲಕರು ಒಂದು ಗಳಿಗೆ ಕಿವಿಗೊಟ್ಟಿದ್ದರೆ ನಮ್ಮ ಹಾಡಾದರೂ ಕೇಳಿಸುತ್ತಿತ್ತು.

ಕಾಂಡ್ಲಾ ಬೇರುಗಳ ಬುಡದಲ್ಲಿ ಕೈಯಾಡಿಸಿ ತಿನ್ನುವ ಕರಿ ಚಿಪ್ಪು ಹೆಕ್ಕುವುದು ಕೊಲಂಬಿಯಾದ ಈ ಪೆಸಿಫಿಕ್ ದಂಡೆಯಲ್ಲಿ ಕರಿಯ ಹೆಂಗಸರ ಕಸುಬು. ಚಿನ್ನದ ಗಣಿಗಳಿಗೆ ಸಂಕೋಲೆ ಹಾಕಿ ತಂದ ಗುಲಾಮರ ಮಕ್ಕಳು ನಾವು. ಬಿಡುಗಡೆಯಾದ ಮೇಲೆ ನಮ್ಮ ಹಿರಿಯರು ಈ ನದೀಮುಖಕ್ಕೆ ಬಂದು, ಇದೇ ಕೆಸರಿನಿಂದ ಮನೆ ನಡೆಸಿದರು. ನೀವು ಕಳುಹಿಸಿದ ಪಠ್ಯದಲ್ಲಿ ಅವರಿಗೆ ಸಿಕ್ಕಿರುವುದು ಒಂದು ಪುಟ, ಅದರಲ್ಲಿ ಒಂದು ಡೋಲು ಮತ್ತು ಅಗಲ ಲಂಗದ ಒಬ್ಬ ನರ್ತಕಿ. ನಾವು ಕುಣಿಯುತ್ತೇವೆ, ಇಲ್ಲವೆನ್ನುವುದಿಲ್ಲ. ಆದರೆ ಕುಣಿತದ ನಡುವೆ ಊಟವನ್ನೂ ಮಾಡುತ್ತೇವೆ. ಆ ಊಟ ಎಲ್ಲಿಂದ ಬರುತ್ತದೆಂದು ಮಕ್ಕಳಿಗೆ ಯಾರು ಹೇಳಬೇಕು? ಆ ನರ್ತಕಿಯೇ?

ಚಿಪ್ಪು ಸಿಗುವುದು ನೀರು ಇಳಿದಾಗ ಮಾತ್ರ. ಇಳಿತ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗುತ್ತದೆ. ಹಾಗಾಗಿ ನಮ್ಮ ತರಗತಿಗೆ ಗಡಿಯಾರವಿಲ್ಲ. ಏಳು ವಾರದ ಹಿಂದಿನ ಆ ಮಂಗಳವಾರ ನೀರು ಇಳಿದದ್ದು ಬೆಳಿಗ್ಗೆ ಆರೂವರೆಗೆ. ಪರಿಶೀಲಕರು ಖಾಲಿ ಕೋಣೆ ನೋಡಿ, ಬರೆದು, ದೋಣಿಕಟ್ಟೆಗೆ ಹೊರಟಾಗ, ನೀರು ಮತ್ತೆ ಏರಿದ್ದರಿಂದ ವಾಪಸಾಗುತ್ತಿದ್ದ ನಾವು ಎದುರಾದೆವು. ಮೈಯೆಲ್ಲ ಕೆಸರು, ಕೈಯಲ್ಲಿ ಬುಟ್ಟಿ, ಸೊಳ್ಳೆ ಓಡಿಸಲು ತೆಂಗಿನ ಸಿಪ್ಪೆಯ ಹೊಗೆಯಾಡುವ ಡಬ್ಬಿ.

"ಸ್ವಾಮಿ, ತರಗತಿ ಮುಗಿಸ್ಕೊಂಡು ಬರ್ತಾ ಇದ್ದೀವಿ," ಎಂದೆ.

"ನಾನು ಬರೆದಾಯ್ತಲ್ಲಮ್ಮ," ಎಂದರು. "ಬೇಕಿದ್ರೆ ಈಗ ಮಾಡಿ ತೋರ್ಸಿ."

"ಈಗಾದ್ರೆ ನೀರು ತೋರಿಸ್ತೀವಿ ಸಾಹೇಬ್ರೇ, ಈಜೋಕ್ಕೆ ಬರತ್ತಾ?" ಎಂದಳು ಹನ್ನೊಂದು ವರ್ಷದ ಯಿರ್ಲೆಸಾ. ಮಕ್ಕಳು ನಕ್ಕರು. ಆ ನಗುವಿಗೆ ನಾವು ಇಷ್ಟು ದಂಡ ತೆರಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಈಗ ತಮ್ಮ ಆದೇಶದಂತೆ ತರಗತಿ ಪ್ರತಿ ಮಂಗಳವಾರ ಹತ್ತರಿಂದ ಹನ್ನೊಂದು, ಕೋಣೆಯೊಳಗೆ, ಪ್ರಮಾಣಪತ್ರವಿರುವ ತರಬೇತುದಾರರಿಂದ. ಹಾಗೆಯೇ ಚಂದ್ರನಿಗೂ ಒಂದು ಸುತ್ತೋಲೆ ಕಳುಹಿಸಿ, ಸಮುದ್ರವನ್ನು ಅವನೇ ನೋಡಿಕೊಳ್ಳಲಿ. ನಮ್ಮ ಊರ ಸಭೆ ಪ್ರವಾಸಿಗರನ್ನು ನಮ್ಮ ಮನೆಗಳಲ್ಲೇ ಇಳಿಸಿಕೊಂಡು, ದೋಣಿಯಲ್ಲಿ ಕಾಡಿಗೆ ಕರೆದೊಯ್ಯುತ್ತದೆ. ತಾಯಂದಿರ ಜೊತೆ ಹೋಗುವ ಮಕ್ಕಳು ಇನ್ನು ಪ್ರವಾಸಿಗರಿಗೆ ಏನನ್ನೂ ವಿವರಿಸಬಾರದಂತೆ, ಅವರಿಗೆ ‘ತರಬೇತಿ ಇಲ್ಲ’ವಂತೆ. ಹೋದ ವರ್ಷ ರಾಜಧಾನಿ ಬೊಗೊಟಾದ ಹೆಂಗಸೊಬ್ಬರು, ಸಿಕ್ಕ ಚಿಪ್ಪನ್ನು ಮತ್ತೆ ಕೆಸರಿಗೆ ಯಾಕೆ ಹಾಕುತ್ತೀ ಎಂದು ಕೇಳಿದಾಗ ಯಿರ್ಲೆಸಾ ಹೇಳಿದ್ದು ಇಷ್ಟು: "ಅದಿನ್ನೂ ಮಗು ಅಮ್ಮ. ಅದು ಬೆಳೀಲಿ, ನನ್ನ ತಂಗಿ ಹೆಕ್ತಾಳೆ." ಇದಕ್ಕಿಂತ ಹೆಚ್ಚಿನದನ್ನು ನಿಮ್ಮ ಪ್ರಮಾಣಪತ್ರ ಕಲಿಸುತ್ತದೆಯೇ? ಈ ಹುಡುಗಿಯರು ಕಲಿಯದಿದ್ದರೆ ಹತ್ತು ವರ್ಷದಲ್ಲಿ ಈ ಕಾಡನ್ನು ಹೊರಗಿನ ಹೋಟೆಲಿನವರು ತೋರಿಸುತ್ತಾರೆ, ನಾವು ಅವರ ತಟ್ಟೆ ತೊಳೆಯುತ್ತೇವೆ. ನನ್ನ ಭಯ ಅದೊಂದೇ.

ಕಳೆದ ಮಂಗಳವಾರ ತರಬೇತುದಾರರು ಬಂದರು. ನನಗೆ ಹಿಂದಿನ ಬೆಂಚು ಕೊಟ್ಟರು. ಯಾವುದೋ ಬೇರೆ ಸಮುದ್ರದ ಕಾಂಡ್ಲಾ ಕಾಡಿನ ವಿಡಿಯೋ ಶುರುವಾಯಿತು. ತಮಾಷೆ ನೋಡಿ ಮಾನ್ಯರೇ, ಅಂದು ನೀರು ಇಳಿದದ್ದು ಸರಿಯಾಗಿ ಹತ್ತೂಕಾಲಿಗೆ! ತಮ್ಮ ವೇಳಾಪಟ್ಟಿಗೂ ಸಮುದ್ರಕ್ಕೂ ಅದೊಂದು ದಿನ ರಾಜಿಯಾಗಿತ್ತು. ಕಿಟಕಿಯಾಚೆ ಕೆಸರು ಹೊಳೆಯುತ್ತಿತ್ತು.

ಯಿರ್ಲೆಸಾ ಎದ್ದು ನಿಂತಳು. "ಮೇಷ್ಟ್ರೇ, ನೀರು ಇಳಿದಿದೆ. ಹೋಗೋಣ್ವಾ?"

"ಕೂತ್ಕೋ. ಕಾಂಡ್ಲಾ ಕಾಡಿನ ಪಾಠ ನಡೀತಿದೆ," ಎಂದು ಅವರು ಕಿಟಕಿ ಮುಚ್ಚಿದರು.

ಮೂವತ್ತು ವರ್ಷ ಆ ಕೆಸರಲ್ಲಿ ನಿಂತವಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಆ ಹುಡುಗಿ ಕೇಳಿದಳು: "ಅತ್ತೆ, ನೀವ್ಯಾಕೆ ಏನೂ ಅನ್ಲಿಲ್ಲ?" ಅಂದಿನಿಂದ ನನಗೆ ಅನ್ನ ರುಚಿಸುತ್ತಿಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಆದೇಶ ಹಿಂತೆಗೆದುಕೊಳ್ಳಿ. ತರಗತಿಯ ಹೊತ್ತನ್ನು ಊರ ಸಭೆ ಇಳಿತ ನೋಡಿ ಗೊತ್ತುಮಾಡಲಿ. ತಮ್ಮ ಉತ್ತರಕ್ಕೆ ಕಾಯುತ್ತೇನೆ, ಆದರೆ ಸಮುದ್ರ ಕಾಯುವುದಿಲ್ಲ. ನಾಳೆ ನೀರು ಇಳಿದ ಕೂಡಲೇ ಹದಿನೇಳು ಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ. ಶಿಸ್ತುಕ್ರಮ ಜರುಗಿಸಲು ಬರುವವರು ದಯವಿಟ್ಟು ಬೂಟು ಬಿಚ್ಚಿ ಬರಲಿ.

ಇಂತಿ,
ಹಿಂದಿನ ಬೆಂಚಿನಿಂದ ತಡವಾಗಿ ಎದ್ದ,
ನೆಲ್ಫಾ ರಿಯಾಸ್ಕೋಸ್