ಒಂದೇ ಜಾಗದಲ್ಲಿ ಎರಡು ಆಂಟೆನಾ

೧೨ ಮಾರ್ಚ್ ೨೦೦೪, ಶುಕ್ರವಾರ, ಬಾಗಲಕೋಟೆ

ಮಧ್ಯಾಹ್ನ ಕಾಲೇಜಿನ ನಮ್ಮ ವಿಭಾಗದಲ್ಲೆಲ್ಲ ಅಮೀನಗಡದ ಕರದಂಟು ಹಂಚಿದ್ದು ನೆನೆದರೆ ಈಗ ನಾಚಿಕೆ. ಸಾಲಿನಲ್ಲಿ ಆಂಟೆನಾಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಹುಡುಕುವ ನನ್ನ ಜೆನೆಟಿಕ್ ಅಲ್ಗಾರಿದಮ್, ಅಂದರೆ ಒಳ್ಳೆಯ ಉತ್ತರಗಳನ್ನು ಬೆರೆಸುತ್ತ ಇನ್ನೂ ಒಳ್ಳೆಯದನ್ನು ಹುಟ್ಟಿಸುವ ಪ್ರೋಗ್ರಾಮು, ಬೆಳಿಗ್ಗೆ ಅದ್ಭುತ ಉತ್ತರ ಕೊಟ್ಟಿತ್ತು. ಬೇಡದ ದಿಕ್ಕಿಗೆ ಸಿಗ್ನಲ್ ಸೋರುವುದೇ ಇಲ್ಲ ಎನ್ನುವಷ್ಟು.

ಸಂಜೆ ಲ್ಯಾಬಿನಲ್ಲಿ ಗೆಳತಿ ಅರ್ಜು ಅದು ಹೇಳಿದ ಜಾಗಗಳನ್ನು ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿದಳು. “ಚೇತನಾ, ಎರಡು ಆಂಟೆನಾ ಒಂದ ಜಾಗಾದಾಗ ನಿಂತಾವ ನೋಡವಾ. ಹೆಂಗ ಕಟ್ಟತೀ?”

ಎರಡರ ನಡುವೆ ಇಷ್ಟಾದರೂ ಅಂತರ ಬೇಕೆಂದು ನಾನು ಪ್ರೋಗ್ರಾಮಿಗೆ ಹೇಳಿಯೇ ಇರಲಿಲ್ಲ. ಲೋಹಕ್ಕೆ ಜಾಗ ಬೇಕೆಂದು ಅದಕ್ಕೇನು ಗೊತ್ತು? ಕೇಳಿದ್ದನ್ನು ಕೊಟ್ಟಿದೆ.

“ಕರದಂಟು ವಾಪಸ್ ಕೇಳಾಕ ಬರಂಗಿಲ್ಲ ಬಿಡು,” ಎಂದು ನಕ್ಕಳು ಅರ್ಜು. ನನಗೆ ನಗು ಬರಲಿಲ್ಲ.

ಅಂತರದ ನಿಯಮ ಸೇರಿಸಿ ಮತ್ತೆ ಓಡಲು ಬಿಟ್ಟು ಬಂದೆವು. ಈ ಸಲದ ಉತ್ತರ ಅಷ್ಟು ಚೆಂದ ಇರುವುದಿಲ್ಲ. ಆದರೆ ಕಟ್ಟಬಹುದು. ಖರೆ ಅಂದರೆ ಕರದಂಟು ಹಂಚಬೇಕಾದದ್ದು ಅದಕ್ಕೇ, ಆದರೆ ಇನ್ನೊಮ್ಮೆ ಯಾವ ಮುಖ ಇಟ್ಟುಕೊಂಡು ಹಂಚಲಿ?